ಅತ್ತೆಯ ರೊಟ್ಟಿ, ನಮ್ಮ ಕಂಪ್ಯೂಟರ್

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಬಿಜಾಪುರದ ಇಬ್ರಾಹಿಂಪುರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು ಎಂದರೆ ಈಗಲೂ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದ ನನ್ನ ಗಂಡ ಅದನ್ನು ಕೈಯಾರೆ ಬೆಸುಗೆ ಹಾಕಿ ಕಟ್ಟಿದ್ದರು. ಪುಣೆಯಿಂದ ತಂದ ಹಳೇ ಟಿವಿಯೇ ಅದರ ಪರದೆ. ನಮ್ಮೂರಲ್ಲಿ ಆಗ ಟಿವಿ ಪ್ರಸಾರವೇ ಇರಲಿಲ್ಲ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, "ಪಿಚ್ಚರ್ ಯಾವಾಗ ಹಚ್ಚತೀರ್ರಿ?" ಎಂದು ಕೇಳಿ, ಬರೀ ಅಕ್ಷರ ನೋಡಿ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು.

ಯಂತ್ರ ಕಟ್ಟಿದರೆ ಸಾಲದು. ಒತ್ತಿದ ಕೀಲಿಯನ್ನು ಓದು, ಪರದೆಗೆ ಬರೆ, ಕ್ಯಾಸೆಟ್ಟಿನಲ್ಲಿ ಇಡು ಎಂದು ಅದಕ್ಕೆ ಹೇಳಿಕೊಡುವ ಮೂಲ ಪ್ರೋಗ್ರಾಂ ಬೇಕು. ಅದೇ ಆಪರೇಟಿಂಗ್ ಸಿಸ್ಟಂ. ಪುಣೆಯಲ್ಲಿದ್ದ ಗಂಡನ ಗೆಳೆಯರೊಬ್ಬರು ತಾವು ಮನೆಯಲ್ಲೇ ಕಟ್ಟಿದ ಕಂಪ್ಯೂಟರಿನದನ್ನು ಬರೆದು ಕಳಿಸಿದ್ದರು. ಆದರೆ ಅವರ ಯಂತ್ರದ ಜೋಡಣೆಯೇ ಬೇರೆ, ನಮ್ಮದೇ ಬೇರೆ. ಅದನ್ನು ನಮ್ಮದಕ್ಕೆ ಒಗ್ಗಿಸುವ ಕೆಲಸ ನನ್ನ ಪಾಲಿಗೆ ಬಂತು. ತಿಕೋಟಾದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನಾನು ಹೋಗಿಬರುವ ಬಸ್ಸಿನಲ್ಲಿ ಕೂತು ಒಂದೊಂದೇ ಸಾಲು ಹೊಸದಾಗಿ ಬರೆದೆ. ಮೆಮೊರಿ ಚಿಪ್ಪುಗಳೂ ಆ ಗೆಳೆಯರವೇ, ಎರವಲು. ದೀಪಾವಳಿಗೆ ಬಂದು ನೋಡುತ್ತಾರೆ, ನಡೆಯದಿದ್ದರೆ ಚಿಪ್ಪು ವಾಪಸ್ ಒಯ್ಯುತ್ತಾರೆ ಎಂದು ಮಾತಾಗಿತ್ತು. ಚಿಪ್ಪು ಹೋದರೆ ನಾನು ಬರೆದದ್ದೆಲ್ಲ ರದ್ದಿ.

ನಡೆಯುತ್ತಲೇ ಇರಲಿಲ್ಲ. ಪರದೆಯ ಮೇಲೆ ಅಕ್ಷರ ಮೂಡುವುದು, ಇದ್ದಕ್ಕಿದ್ದಂತೆ ಯಂತ್ರ ನಿಂತುಬಿಡುವುದು.

"ನೀ ಬರದದ್ರಾಗ ತಪ್ಪೈತಿ," ಎನ್ನುತ್ತಿದ್ದರು ಗಂಡ.

"ನಿಮ್ಮ ಬೆಸುಗಿನ ಸಡ್ಲ ಐತಿ ನೋಡ್ರಿ," ಎನ್ನುತ್ತಿದ್ದೆ ನಾನು.

ಮನೆಯ ಹಿಂದೆ ಹಾಯುವ ರೈಲಿನ ಅದುರಿನ ಮೇಲೂ ಸಂಶಯಪಟ್ಟೆವು. ಗಾಡಿ ಹೋಯಿತು, ಯಂತ್ರಕ್ಕೇನೂ ಆಗಲಿಲ್ಲ. ಹಾಗಾದರೆ ತಪ್ಪು ನನ್ನದೇ ಇರಬೇಕೆಂದು ಸರಿಯಿದ್ದ ಸಾಲುಗಳನ್ನೂ ಹೊಡೆದುಹಾಕಿ ಮತ್ತೆ ಬರೆದೆ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅಷ್ಟರಲ್ಲಿ ನಮ್ಮೊಂದಿಗಿದ್ದ ಅತ್ತೆ ತಮ್ಮ ತವರು ಬಬಲೇಶ್ವರಕ್ಕೆ ಹೋದರು. ನಾನು ಅನ್ನ ಬೇಯಿಸಿಟ್ಟು ಕೂತರೆ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಗೆದ್ದೆ ಎಂದು ಹಿಗ್ಗಿದೆ. ಅತ್ತೆ ಮರಳಿದ ಸಂಜೆ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯತೊಡಗಿದರು. ಮೊದಲ ಏಟಿಗೇ ಪರದೆ ಸತ್ತಿತು.

ಕಂಪ್ಯೂಟರ್ ಇಟ್ಟ ಹಲಗೆಯನ್ನು ಅಡುಗೆಮನೆಯ ಗೋಡೆಗೇ ಮೊಳೆ ಹೊಡೆದು ಕೂರಿಸಿದ್ದೆವು, ಪ್ಲಗ್ಗು ಇದ್ದದ್ದು ಅಲ್ಲೊಂದೇ. ನೆಲಕ್ಕಿಟ್ಟರೆ ಇನ್ನೂ ಹೆಚ್ಚು ಅದುರುತ್ತಿತ್ತು. ಇಬ್ಬರೂ ನೌಕರಿಯವರು, ಯಂತ್ರದ ಮುಂದೆ ಕೂರುತ್ತಿದ್ದದ್ದು ಮುಂಜಾನೆ, ಸಂಜೆ, ಅಂದರೆ ರೊಟ್ಟಿಯ ಹೊತ್ತಿಗೇ. ಹುಟ್ಟಿದಾಗಿನಿಂದ ಕೇಳಿದ ಆ ಸದ್ದು ನಮ್ಮ ಕಿವಿಗೇ ಬಿದ್ದಿರಲಿಲ್ಲ. ಗಂಡ ತಡಕಾಡಿ ನೋಡಿದರು: ಒಂದು ಚಿಪ್ಪು ಕೂರುವ ಸಾಕೆಟ್ಟು ಸಡಿಲವಾಗಿತ್ತು, ರೊಟ್ಟಿಯ ಬಡಿತಕ್ಕೆ ಸಂಪರ್ಕ ತಪ್ಪುತ್ತಿತ್ತು. ಹೊಸದು ಬಿಜಾಪುರದಲ್ಲಿ ಸಿಗುವಂಥದ್ದಲ್ಲ.

ಸೊಸೆ ಅತ್ತೆಗೆ ರೊಟ್ಟಿ ಬಡಿಯಬೇಡಿ ಎನ್ನುವುದು ಸಣ್ಣ ಮಾತಲ್ಲ. ಧೈರ್ಯ ಮಾಡಿ ಅಂದೆ.

"ಅತ್ತೀ, ದೀಪಾವಳಿ ತನಕ ರೊಟ್ಟಿ ಬಡೀಬ್ಯಾಡ್ರಿ."

"ಮತ್ತೇನ್ ತಿನ್ನೂದು, ಅನ್ನ? ನಾವೇನ್ ಜಡ್ಡಿನವ್ರೇನ್ ಬೇ?" ಅವರ ಲೆಕ್ಕದಲ್ಲಿ ಅನ್ನ ಕಾಯಿಲೆಯವರ ಊಟ.

ಒಂದು ದಿನ ಮುಖ ಊದಿಸಿಕೊಂಡೇ ಇದ್ದರು. ಮರುದಿನ ನಾವು ಕೆಲಸದಿಂದ ಬರುವಷ್ಟರಲ್ಲಿ ಖಡಕ್ ರೊಟ್ಟಿಯ ರಾಶಿಯನ್ನೇ ಒಣಗಿಸಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. ನಮಗೇನೋ ಗಟ್ಟಿ ಹಲ್ಲು. ಬಿಸಿರೊಟ್ಟಿ ಬಿಟ್ಟರೆ ಊಟವೇ ಅಲ್ಲ ಎನ್ನುವ ಅವರು ಆ ಒಣ ಚೂರುಗಳನ್ನು ಮೊಸರಲ್ಲಿ ನೆನೆಹಾಕಿ, ಅವು ಮೆತ್ತಗಾಗುವುದನ್ನೇ ಕಾಯುತ್ತ ಕೂರುತ್ತಿದ್ದರು. ಅದನ್ನು ದಿನಾ ನೋಡುತ್ತಿದ್ದೆ. ಆದರೂ ಬರೆಯುವುದನ್ನು ಬಿಡಲಿಲ್ಲ. ಹೊಡೆದುಹಾಕಿದ್ದ ಸಾಲುಗಳನ್ನು ಹಿಂದಕ್ಕೆ ತಂದೆ. ಒಂದು ಗುಂಡಿ ಒತ್ತಿದರೆ ಕ್ಯಾಸೆಟ್ಟಿನಿಂದ ಇಡೀ ಸಿಸ್ಟಂ ತಾನಾಗಿ ಎದ್ದು ಕೂರುವಂತೆ ಮಾಡಿದೆ.

ದೀಪಾವಳಿಗೆ ಪುಣೆಯ ಗೆಳೆಯರು ಒಬ್ಬರೇ ಬಂದರು. ತಮ್ಮ ಹೆಸರು ಟೈಪ್ ಮಾಡಿದರು, ಅದನ್ನು ನಾನು ಕ್ಯಾಸೆಟ್ಟಿಗೆ ಇಳಿಸಿದೆ. ತಲೆಯಾಡಿಸಿದರು, ಚಿಪ್ಪಿನ ಮಾತು ಮಾತ್ರ ಎತ್ತಲಿಲ್ಲ. ಊಟದ ಹೊತ್ತಾಯಿತು. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನು ಕರೆದರು.

"ಮನಿಗೆ ಬಂದವ್ರಿಗೆ ನಾ ಎಂದೂ ಒಣ ರೊಟ್ಟಿ ನೀಡಿಲ್ಲವ್ವಾ," ಎಂದರು ಮೆಲ್ಲಗೆ. ಅವರ ಕಣ್ಣಲ್ಲಿ ನೀರಿತ್ತು.

"ಬಡೀರಿ ಅತ್ತೀ," ಎಂದೆ.

ಗಂಡ ಗಾಬರಿಯಾದರು. "ಈಗ? ಸತ್ತು ಹೊಕ್ಕೈತಿ ಅದು."

"ಸಾಯ್ಲಿ. ನಾ ಎಬ್ಬಸ್ತೀನಿ."

ಮೊದಲ ಏಟಿಗೆ ಪರದೆ ಕಪ್ಪಾಯಿತು, ಗೆಳೆಯರ ಮುಖವೂ. ನಾನು ಏನೂ ಆಗದವಳಂತೆ ಬಿಸಿರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿದೆ. ಕೊನೆಯ ರೊಟ್ಟಿ ಹಂಚಿನಿಂದ ಇಳಿದ ಮೇಲೆ ಕೈ ತೊಳೆದು ಬಂದು ಗುಂಡಿ ಒತ್ತಿದೆ. ಕ್ಯಾಸೆಟ್ಟು ಸುತ್ತಿತು. ಪರದೆಯ ಮೇಲೆ ಮೊದಲು ಸಿಸ್ಟಮ್ಮಿನ ಗುರುತು ಬಂತು, ಹಿಂದೆಯೇ ಅವರು ಊಟಕ್ಕೆ ಮುಂಚೆ ಟೈಪ್ ಮಾಡಿದ್ದ ಅವರದೇ ಹೆಸರು.

"ಚಿಪ್ಪು ಇಲ್ಲೇ ಇರ್ಲಿ ವೈನಿ," ಎಂದರು ಗೆಳೆಯರು ನನಗೆ.

ಅತ್ತೆ ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಇಣುಕಿದರು. "ಎದ್ದೈತೇನ್? ಹಂಗಾರ ಸಂಜಿಗೂ ಬಿಸಿರೊಟ್ಟಿನ ಬಡೀತೀನಿ."