ಕಿವಿಗೆ ಹತ್ತಿ ಇಡದವಳು

ದೊಡ್ಡವ್ವನ ಕಿವಿಗಳು ಓಲೆಯ ಭಾರಕ್ಕೆ ಜೋತುಬಿದ್ದಿದ್ದವು. ಹೊಳೆಯ ಕಡೆಯಿಂದ ಚಳಿಗಾಳಿ ಬೀಸಿ ಹನಗೋಡಿನವರೆಲ್ಲ ಮಫ್ಲರ್ ಸುತ್ತಿಕೊಂಡರೂ ಅವಳು ಮಾತ್ರ ಸೆರಗನ್ನು ಕಿವಿಯ ಹಿಂದಕ್ಕೇ ಸಿಕ್ಕಿಸುತ್ತಿದ್ದಳು. ಬೈದರೆ, "ನನ್ ಕಿವಿ, ನನ್ ಚಳಿ. ನಿಂಗೇನವ್ವ ತಾಪತ್ರಯ?" ಎನ್ನುತ್ತಿದ್ದಳು.

ಅವಳು ನನ್ನ ತಾಯಿಯ ಅಕ್ಕ. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನ್ನ ಬಾಣಂತನಕ್ಕೆ ಅವಳೇ ಹುಣಸೂರಿನ ನಮ್ಮ ಮನೆಗೆ ಬಂದಳು. ಬೆಳ್ಳುಳ್ಳಿ, ಮೆಣಸಿನ ಸಾರು, ಎಣ್ಣೆನೀರು, ಸಾಂಬ್ರಾಣಿ ಹೊಗೆ, ಯಾವುದೂ ತಪ್ಪುವಂತಿಲ್ಲ. ಒಂದು ಲೋಟ ತಣ್ಣೀರು ಕೇಳಿದರೆ ಕಣ್ಣಲ್ಲೇ ಸುಡುತ್ತಿದ್ದಳು. ಇಂಥವಳು ಒಂದೇ ಒಂದು ಕಟ್ಟಳೆಯನ್ನು ಮುರಿದಳು. ಶೀತವಾಗಬಾರದೆಂದು ನಮ್ಮ ಕಡೆ ಬಾಣಂತಿಯ ಕಿವಿಗೆ ಹತ್ತಿ ತುರುಕಿ ತಲೆಗೆ ಬಟ್ಟೆ ಬಿಗಿಯುತ್ತಾರೆ. ನನ್ನ ಅತ್ತೆ ಹತ್ತಿ ತಂದರೆ ದೊಡ್ಡವ್ವ ಅದನ್ನು ಕಿತ್ತುಕೊಂಡು ನೀರೊಲೆಗೆ ಎಸೆದಳು. ಅತ್ತೆ ಮೂರು ದಿನ ಮುಖ ಊದಿಸಿಕೊಂಡಿದ್ದರು.

ಹೆರಿಗೆಯಾದ ಮೂರನೇ ತಿಂಗಳಿಗೆ ನನಗೆ ಭಯ ಹತ್ತಿತು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ನನಗೆ ಹದಿಮೂರರ ಮಗ್ಗಿ ನಡುವೆಯೇ ಕೈಕೊಡುತ್ತಿತ್ತು. ಬೀಗದ ಕೈಯನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಮನೆಯೆಲ್ಲ ಹುಡುಕಿದೆ. "ನನ್ ತಲೆ ಹೋಯ್ತು ದೊಡ್ಡವ್ವಾ" ಎಂದು ಅವಳ ಮುಂದೆ ಅತ್ತುಬಿಟ್ಟೆ. ಅಷ್ಟರಲ್ಲಿ ಒಳಕೋಣೆಯ ತೊಟ್ಟಿಲಲ್ಲಿ ಮಗು ಮಿಸುಕಿತು. ಅಳು ಅಲ್ಲಿಗೇ ಬಿಟ್ಟು ಎದ್ದೆ.

ದೊಡ್ಡವ್ವ ನಕ್ಕಳು. "ಎಲ್ಲೋಯ್ತು? ಮಗ ಬಾಯಿ ಬುಡಾಕೆ ಮುಂಚೇನೇ ಎದ್ಯಲ್ಲ, ಅಲ್ಲೇ ಅದೆ ನಿನ್ ತಲೆ. ಮಗೀಗೆ ಜಾಗ ಮಾಡಾಕೆ ಬ್ಯಾರೆ ಸಾಮಾನೆಲ್ಲ ಆಚೆಗಿಟ್ಟದೆ. ಮಗ್ಗಿ ವಾಪಸ್ ಬತ್ತದೆ ಬುಡು. ಆದ್ರೆ ಈ ಕಿವಿ ಹೋಗಾಕಿಲ್ಲ ಕಣವ್ವ. ಮಗ ಹೋದ್ರೂ ಹೋಗಾಕಿಲ್ಲ."

"ಯಾರ ಮಗ?" ಎಂದೆ. ಅವಳಿಗೆ ಮಕ್ಕಳೇ ಆಗಲಿಲ್ಲವೆಂದು ತಿಳಿದುಕೊಂಡಿದ್ದೆ.

"ನನ್ ಮಗ. ಇಪ್ಪತ್ ದಿನದ್ದು. ನಮ್ಮತ್ತೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ತಾವ ಹೋಗಿದ್ರು. ನನ್ ಕಿವಿ ತುಂಬ ಹತ್ತಿ, ಮ್ಯಾಲೆ ಬಟ್ಟೆ. ಗ್ವಾಡೆ ಕಡೆ ತಿರುಗಿ ಮಲಗಿದ್ದೆ. ಕುಡ್ದ ಹಾಲು ಕಕ್ಕಿ ಉಸ್ರು ಕಟ್ಕೊಂಡದೆ. ಎಷ್ಟು ಅತ್ತಿತ್ತೋ ಏನೋ. ಎರಡು ಮಾರು ದೂರದಾಗಿತ್ತು ತೊಟ್ಲು."

ಅಷ್ಟು ಹೇಳಿ ಎದ್ದುಹೋಗಿ ಮಗುವಿನ ಬಟ್ಟೆ ಒಗೆಯತೊಡಗಿದಳು. ಮತ್ತೆಂದೂ ಆ ಮಾತೆತ್ತಲಿಲ್ಲ.

ಕಡೆಗಾಲದಲ್ಲಿ ಅವಳಿಗೇ ಮರೆವಿನ ಕಾಯಿಲೆ ಬಂತು. ನಮ್ಮ ಮನೆಗೇ ಕರೆತಂದೆ. ನನ್ನನ್ನೇ "ನೀವು ನರ್ಸಮ್ಮನಾ?" ಎಂದು ಕೇಳುತ್ತಿದ್ದಳು. ಉಣ್ಣುತ್ತಿದ್ದವಳು ಇದ್ದಕ್ಕಿದ್ದಂತೆ ತಟ್ಟೆ ತಳ್ಳಿ ಏಳುತ್ತಿದ್ದಳು. "ಸದ್ದು ಮಾಡ್ಬ್ಯಾಡಿ. ಮಗ ಅಳ್ತಾ ಅದೆ."

"ಇಲ್ಲಿ ಯಾವ ಮಗೂನೂ ಇಲ್ಲ ದೊಡ್ಡವ್ವ" ಎಂದು ಮೊದಮೊದಲು ಬುದ್ಧಿ ಹೇಳುತ್ತಿದ್ದೆ. ಅಯ್ಯೋ, ಎಂಥ ಪಾಪಿ ನಾನು! ಆಗೆಲ್ಲ ಅವಳು ಮಂಚದ ಕೆಳಗೆ, ಬಾಗಿಲ ಹಿಂದೆ ಹುಡುಕುತ್ತ ಬಿಕ್ಕುತ್ತಿದ್ದಳು. ಬಸಿರು, ತಾಯ್ತನ ಹೆಂಗಸಿನ ಮಿದುಳನ್ನೇ ಬದಲಿಸುತ್ತವೆ, ಆ ಬದಲಾವಣೆ ಎಷ್ಟೋ ವರ್ಷ ಉಳಿಯಬಹುದು ಎಂದು ಡಾಕ್ಟರಮ್ಮ ಹೇಳಿದ ಮೇಲೆ, "ಈ ಕಿವಿ ಹೋಗಾಕಿಲ್ಲ" ಎಂದು ಅವಳು ಎಂದೋ ಹೇಳಿದ್ದ ಮಾತು ನೆನಪಾಯಿತು. ಅಂದಿನಿಂದ ಬುದ್ಧಿ ಹೇಳುವುದನ್ನು ಬಿಟ್ಟೆ.

"ಎತ್ಕೊಂಡೆ ದೊಡ್ಡವ್ವ. ಹಾಲು ಕುಡೀತಾ ಅದೆ."

"ನಿಂಗೆ ಕೇಳಿಸ್ತಾ?"

"ಕೇಳಿಸ್ತು."

ಆಮೇಲೆ ಉಣ್ಣುತ್ತಿದ್ದಳು.

ಹೋದ ಕಾರ್ತಿಕದಲ್ಲಿ ಹೋಗಿಬಿಟ್ಟಳು. ಮೈ ತೊಳೆಸಿದ ಹೆಂಗಸರು ಮೂಗಿಗೆ ಹತ್ತಿ ಇಟ್ಟರು. ಕಿವಿಗೂ ಇಟ್ಟರು. ನಾನು ಕೂತಲ್ಲಿಂದ ಎದ್ದು ಕಿವಿಯ ಹತ್ತಿಯನ್ನು ತೆಗೆದೆ.

"ಶಾಸ್ತ್ರ ಕಣವ್ವ, ಇಡಬೇಕು" ಎಂದರು ಹಿರಿಯರೊಬ್ಬರು.

"ಕಿವಿಗೆ ಬ್ಯಾಡ ಬುಡಿ. ಇವಳ ಮಗ ಅಲ್ಲಿ ಅದೆ. ಅತ್ರೆ ಕೇಳಿಸ್ಬೇಕು."

ನಾನು ಅವಳ ಸೆರಗನ್ನು ಎರಡೂ ಕಿವಿಯ ಹಿಂದಕ್ಕೆ ಸಿಕ್ಕಿಸಿದೆ.