ಮೀನು ತೋರಿಸುವ ಪೆಟ್ಟಿಗೆ

ತಿರುಪ್ಪೂರಿನಲ್ಲಿದ್ದ ಆ ವರ್ಷಗಳಲ್ಲಿ ನಾನು ಕನ್ನಡ ಮಾತಾಡುತ್ತಿದ್ದದ್ದು ವಾರಕ್ಕೆ ಒಂದೇ ದಿನ, ಅದೂ ಒಬ್ಬರ ಜೊತೆ ಮಾತ್ರ. ಉಳಿದ ಆರು ದಿನ ಬನಿಯನ್ ಕಂಪನಿಯ ಆಫೀಸಿನಲ್ಲಿ ತಮಿಳು, ಹೊರದೇಶಕ್ಕೆ ಬರೆಯುವ ಕಾಗದಗಳಲ್ಲಿ ಇಂಗ್ಲಿಷು. ಸಂಜೆ ಬಾಡಿಗೆ ಕೋಣೆಗೆ ಬಂದರೆ ಯಾವ ಭಾಷೆಯೂ ಬೇಕಾಗುತ್ತಿರಲಿಲ್ಲ. ಅಪ್ಪ ತೀರಿಕೊಂಡ ನಾಲ್ಕು ವರ್ಷಕ್ಕೆ ಅಮ್ಮನೂ ಹೋದರು. ಕರುಮತ್ತಂಪಟ್ಟಿಯಲ್ಲಿ, ಕನ್ನಡ ಮಾತಾಡುವ ನೇಕಾರರ ಕೇರಿಯಲ್ಲಿದ್ದ ಮನೆ ಬಿಟ್ಟು ಬಂದಿದ್ದೆ. ಮದುವೆಯ ಮಾತು ಒಂದೆರಡು ಸಲ ಬಂದು, ಮುಂದೆ ನಿಂತು ನಡೆಸುವವರಿಲ್ಲದೆ ಹಾಗೇ ನಿಂತುಹೋಗಿತ್ತು.

ಭಾನುವಾರದ ಆ ಒಬ್ಬರನ್ನು ನಾನು ಮಾಮಾ ಎಂದು ಕರೆಯುತ್ತಿದ್ದೆ. ರಕ್ತಸಂಬಂಧವೇನಿಲ್ಲ. ಅಪ್ಪನ ಮಗ್ಗದ ಪಕ್ಕದ ಮಗ್ಗ ಅವರದ್ದು. ಮೊದಲು ಕೈಮಗ್ಗ, ಆಮೇಲೆ ಪವರ್‌ಲೂಮ್. ಲಾಳಿಯ ಸದ್ದು ಅವರ ಬಲಗಿವಿಯನ್ನು ಪೂರ್ತಿ, ಎಡಗಿವಿಯನ್ನು ಮುಕ್ಕಾಲು ಪಾಲು ತಿಂದುಹಾಕಿತ್ತು. ನಾನು ಅವರ ಎಡಕ್ಕೆ ಕೂತು, ಬಾಯಿ ಕಾಣುವಂತೆ ಮುಖ ತಿರುಗಿಸಿ ಮಾತಾಡಬೇಕಿತ್ತು. ಹಾಗಾಗಿ ನಾವು ಆಡುತ್ತಿದ್ದ ಮಾತೂ ಕಡಿಮೆಯೇ. ಆದರೂ ಆ ಕಡಿಮೆಯೇ ನನಗೆ ವಾರಕ್ಕೆಲ್ಲ ಸಾಕಾಗುತ್ತಿತ್ತು.

ಬೆಳಗಿನ ಮೊದಲ ಬಸ್ಸಿಗೆ ಅವರು ಕರುಮತ್ತಂಪಟ್ಟಿಯಿಂದ ತಿರುಪ್ಪೂರಿಗೆ ಬರುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿದು ಉಡುಮಲೆಯ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದರೆ ಬೆಟ್ಟದ ಬುಡದ ಅಣೆಕಟ್ಟು. ದಡದಲ್ಲಿ ಹರಿಗೋಲು, ಅಲ್ಲಿಯವರ ಬಾಯಲ್ಲಿ ಪರಿಸಲ್, ಬಾಡಿಗೆಗೆ ಕೊಡುವವನೊಬ್ಬನಿದ್ದ. ಮಾಮಾ ಹುಟ್ಟು ಹಾಕುತ್ತಿದ್ದರು, ನಾನು ಗಾಳಗಳನ್ನು ಬಿಡಿಸಿ ಕಡಲೆ ಹಿಂಡಿಯ ಉಂಡೆ ಕಟ್ಟುತ್ತಿದ್ದೆ. ನೀರಿನ ನಡುವೆ ಎಲ್ಲೋ ಒಂದು ಕಡೆ ಅವರು ಕಲ್ಲಿನ ಲಂಗರು ಇಳಿಬಿಡುತ್ತಿದ್ದರು. ಅಲ್ಲೇ ಯಾಕೆ ಎಂದು ಕೇಳಿದರೆ, "ಕೂತ್ಕೊ ತಮ್ಮಾ. ಸುಮ್ಮಾ ಕೂತ್ಕೊ" ಅಷ್ಟೇ. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕಣ್ಣು ಅರ್ಧ ಮುಚ್ಚಿ ಕೂರುತ್ತಿದ್ದರು. ಕೆಲವು ದಿನ ಎರಡು ಕಾಟ್ಲಾ, ಕೆಲವು ದಿನ ನಾಲ್ಕು ಜಿಲೇಬಿ ಮೀನು, ಎಷ್ಟೋ ದಿನ ಬರಿಗೈ. ಹೀಗೆ ಎಂಟು ವರ್ಷ.

ಎಂಬತ್ತರ ದಶಕದ ನಡುವೆ ನಮ್ಮ ಕಂಪನಿಗೆ ಹೊರದೇಶದ ಬಯ್ಯರ್ ಒಬ್ಬರು ವರ್ಷಕ್ಕೆರಡು ಸಲ ಬರುತ್ತಿದ್ದರು. ಬಿಳಿಗೂದಲು, ಒಂಟಿ ಜೀವ. ಬನಿಯನ್ನುಗಳ ಹೊಲಿಗೆ ಎಳೆದು ನೋಡುತ್ತಾ ಒಮ್ಮೆ ನನ್ನ ಬೆರಳಿನ ಗಾಯ ಕಂಡು, ಇದು ಮೀನಿನ ದಾರ ಕೊಯ್ದದ್ದಲ್ಲವೇ ಎಂದು ಕೇಳಿದರು. ಅವರೂ ರಜೆಯ ದಿನ ಸರೋವರದ ಮೇಲೆ ಕೂರುವವರೇ. ಆಮೇಲೆ ಅವರು ಬಂದಾಗಲೆಲ್ಲ ಹತ್ತಿಯ ಮಾತು ಮುಗಿದ ಮೇಲೆ ಹತ್ತು ನಿಮಿಷ ಮೀನಿನ ಮಾತು ನಡೆಯುತ್ತಿತ್ತು. ಒಂದು ಸಲ ಸ್ಯಾಂಪಲ್ಲುಗಳ ಜೊತೆ ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟರು. ತಾವು ಹೊಸದು ಕೊಂಡಿದ್ದರಿಂದ ಹಳೆಯದನ್ನು ನನಗೆ ತಂದಿದ್ದರು.

ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರ. ಮುಂದೆ ಬೂದುಬಣ್ಣದ ಸಣ್ಣ ಪರದೆ, ಹಿಂದಿನಿಂದ ಒಂದು ವಯರು, ವಯರಿನ ತುದಿಯಲ್ಲಿ ಅಂಗೈಯಗಲದ ಬಿಲ್ಲೆ. ಬಿಲ್ಲೆಯನ್ನು ನೀರಿನಲ್ಲಿ ಮುಳುಗಿಸಿದರೆ ಅದು ಕೆಳಕ್ಕೆ ಸದ್ದು ಕಳಿಸಿ, ತಳಕ್ಕೆ ತಾಗಿ ತಿರುಗಿಬರುವ ಸದ್ದನ್ನು ಕೇಳಿಸಿಕೊಳ್ಳುತ್ತದೆ. ತಳ ಎಷ್ಟು ಆಳ, ನಡುವೆ ಮೀನು ಎಲ್ಲಿದೆ ಎಂದು ಪರದೆಯ ಮೇಲೆ ಕಪ್ಪು ಚುಕ್ಕೆಗಳಲ್ಲಿ ಬರೆಯುತ್ತದೆ. ಬಯ್ಯರ್ ಇದನ್ನೆಲ್ಲ ವಿವರಿಸಿ ಕೊನೆಗೆ, "ನಮ್ಮಲ್ಲಿ ಇದರ ಮೇಲೆ ಜಗಳವಿದೆ. ಇದನ್ನಿಟ್ಟುಕೊಂಡು ಮೀನು ಹಿಡಿಯುವುದು ಹಿಡಿದ ಹಾಗಲ್ಲ ಅನ್ನುವವರಿದ್ದಾರೆ. ನೀವೇ ನೋಡಿ ಹೇಳಿ" ಅಂದರು.

ಮುಂದಿನ ಭಾನುವಾರವೇ ಮೋಟಾರ್ ಸೈಕಲ್ಲಿನ ಒಂದು ಬ್ಯಾಟರಿಯನ್ನು ಚೀಲದಲ್ಲಿ ಹೊತ್ತುಕೊಂಡು ಹೋದೆ. ಮಾಮಾ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಇದು ಕೇಳ್ತದಾ?" ಅಂದರು.

"ಕೇಳ್ತದೆ ಮಾಮಾ. ನೀರೊಳಗಿನ ಸದ್ದು."

"ಸರಿ. ನಾನ್ ಒಂದ್ ಜಾಗಕ್ಕೆ ಕೂಟಿಕೊಂಡ್ ಹೋಗ್ತೀನಿ. ಅದು ವರೆಗೂ ನೀ ಅದನ್ನ ಹಚ್ಚಬೇಡ."

ಹುಟ್ಟು ಹಾಕುತ್ತಾ ಅವರು ಎದುರಿನ ಬೆಟ್ಟಗಳನ್ನು ನೋಡುತ್ತಿದ್ದರು. ಒಂದು ಜಾಗದಲ್ಲಿ ನಿಲ್ಲಿಸಿ, ಈಗ ಹಚ್ಚು ಎಂದು ಹೇಳಿ ಮತ್ತೆ ನಿಧಾನವಾಗಿ ಮುಂದೆ ಸಾಗಿದರು. ಪರದೆಯ ಮೇಲೆ ತಳದ ಗೆರೆ ನೇರವಾಗಿ ಬಂದು, ಇದ್ದಕ್ಕಿದ್ದಂತೆ ಕುಸಿದು, ಒಂದಷ್ಟು ದೂರ ಆಳದಲ್ಲೇ ಸಾಗಿ, ಮತ್ತೆ ಮೇಲೆದ್ದಿತು. ನೀರಿನಡಿ ಅಲ್ಲೊಂದು ದೊಡ್ಡ ಗುಂಡಿಯಿತ್ತು. ಮಾಮಾ ಪರದೆಯನ್ನು ನೋಡುತ್ತಾ ತಲೆಯಾಡಿಸಿದರು.

"ಸೀಸದ ಗುಂಡು ಬಿಟ್ಟು ಬಿಟ್ಟು ಕೈಯಾಗೆ ಅಳೆದಿದ್ದೆ. ಏಳು ಮಾರು. ಇದು ಎಷ್ಟು ಹೇಳ್ತದೆ?"

ಲೆಕ್ಕ ಹಾಕಿ ನೋಡಿದೆ. ಏಳು ಮಾರಿಗೆ ಸ್ವಲ್ಪ ಹೆಚ್ಚು. ಆ ದಿನದಷ್ಟು ಅವರು ಸಂತೋಷಪಟ್ಟದ್ದನ್ನು ನಾನು ಕಂಡಿರಲಿಲ್ಲ. ಅಣೆಕಟ್ಟಿನ ನೀರೆಲ್ಲ ಸುತ್ತಾಡಿಸಿ, ಇಲ್ಲಿ ನೋಡು, ಅಲ್ಲಿ ನೋಡು ಎಂದು, ತಮ್ಮ ಇಷ್ಟು ವರ್ಷದ ಊಹೆಗಳನ್ನೆಲ್ಲ ಪರೀಕ್ಷೆ ಮಾಡಿಸಿದರು. ಹೆಚ್ಚಿನವು ಸರಿಯಾಗಿದ್ದವು. ಒಂದೆರಡು ತಪ್ಪಾಗಿದ್ದವು. ತಪ್ಪಾದ ಕಡೆ ಅವರು ಸೀಸದ ಗುಂಡು ಇಳಿಬಿಟ್ಟು ಮತ್ತೊಮ್ಮೆ ಅಳೆಯುತ್ತಿದ್ದರು. ಅದನ್ನು ಗಮನಿಸಿದ್ದೆ, ಆದರೆ ಅದರ ಬಗ್ಗೆ ಯೋಚಿಸಲಿಲ್ಲ.

ಆಮೇಲಿನ ವಾರಗಳಲ್ಲಿ ದಾರಿ ಹೇಳುವವನು ನಾನಾದೆ. ಪರದೆಯಿಂದ ಕಣ್ಣು ತೆಗೆಯದೆ, "ಎಡಕ್ಕೆ ಮಾಮಾ. ಇನ್ನೂ ಸ್ವಲ್ಪ. ಅಲ್ಲೇ ನಿಲ್ಸಿ" ಎನ್ನುತ್ತಿದ್ದೆ. ಅವರಿಗೆ ಕೇಳಿಸದಿದ್ದರೆ ಕೈಬೀಸಿ ತೋರಿಸುತ್ತಿದ್ದೆ. ನಾನು ಹೇಳಿದ ಕಡೆ ಅವರು ಹುಟ್ಟು ಹಾಕುತ್ತಿದ್ದರು. ಪರದೆಯನ್ನು ನೋಡುವ ಭರದಲ್ಲಿ ಅವರ ಕಡೆ ಮುಖ ತಿರುಗಿಸಿ ಮಾತಾಡುವುದನ್ನೇ ಬಿಟ್ಟಿದ್ದೆ. ಬರಿಗೈಯಲ್ಲಿ ಹಿಂತಿರುಗುವ ದಿನಗಳು ಇಲ್ಲವಾದವು. ದಡದಲ್ಲಿ ಗಾಳ ಹಾಕಲು ಬರುತ್ತಿದ್ದ ಕೋಯಮತ್ತೂರಿನ ಮಿಲ್ಲಿನವರು ನಾಲ್ಕೈದು ಜನ ಇದನ್ನು ಬೇಗ ಕಂಡುಕೊಂಡರು. ನಮ್ಮ ಹರಿಗೋಲು ನಿಂತಲ್ಲಿ ಅವರೂ ಹರಿಗೋಲು ಬಾಡಿಗೆಗೆ ಹಿಡಿದು ಬಂದು ನಿಲ್ಲತೊಡಗಿದರು. ಅವರಲ್ಲೊಬ್ಬರು, ಇದು ಆಟವಲ್ಲ, ಮೋಸ ಎಂದು ನನಗೆ ಕೇಳುವಂತೆಯೇ ಹೇಳಿದರು. ಹೇಳಿ ಪಕ್ಕದಲ್ಲೇ ಗಾಳ ಇಳಿಬಿಟ್ಟರು.

ಬೇಸಿಗೆ ಬಂತು. ನೀರು ತೀರಾ ಇಳಿಯಿತು. ಒಂದು ಭಾನುವಾರ ಯಂತ್ರ ಹಚ್ಚಿಕೊಂಡು ಹೋಗುತ್ತಿದ್ದಾಗ ಮಾಮಾ ಆ ದೊಡ್ಡ ಗುಂಡಿಯನ್ನು ಬಿಟ್ಟು ಸುತ್ತುಬಳಸಿ ದೂರದಿಂದ ಹಾದುಹೋಗುತ್ತಿದ್ದುದು ನನಗೆ ಗೊತ್ತಾಯಿತು. ಗುಂಡಿಯ ಕಡೆಗೆ ಕೈ ತೋರಿಸಿದೆ. ಅವರು ಹುಟ್ಟು ಎತ್ತಿ ಹಿಡಿದರು.

"ಅಲ್ಲಿ ಬೇಡ ತಮ್ಮಾ. ಬೇಸಗೆ."

"ಬೇಸಗೆ ಆದರೆ ಏನು?"

"ಬೇರೆ ಎಲ್ಲಾ ಕಡೆ ನೀರು ಕಾಯ್ದುಬಿಟ್ಟದೆ. ದೊಡ್ಡ ಮೀನೆಲ್ಲಾ ಅಲ್ಲೇ ಬಂದು ಕೂತಿರ್ತವೆ. ಈ ಎರಡು ತಿಂಗಳು ನಾನ್ ಅಲ್ಲಿ ಗಾಳ ಬಿಟ್ಟದ್ದಿಲ್ಲ."

"ನನಗೆ ಒಂದ್ ದಿನಾನೂ ಹೇಳಲಿಲ್ಲ ನೀವು."

"ನೀ ಕೇಳಲಿಲ್ಲ. ನಾನ್ ಸುತ್ತಿ ಬಳಸ್ಕೊಂಡು ಬತ್ತಿದ್ದೆ. ಸಾಕಾಗಿತ್ತು."

ನನಗೆ ಸಿಟ್ಟು ಬಂತು. ಎಂಟು ವರ್ಷ ಪಕ್ಕದಲ್ಲಿ ಕೂರಿಸಿಕೊಂಡೂ ಗುಟ್ಟು ಬಿಟ್ಟುಕೊಡದವರು ಎಂಬ ಸಿಟ್ಟು. ನೈಲಾನ್ ದಾರ ಬಂದಾಗ ನೀವು ಹತ್ತಿ ದಾರ ಎಸೆಯಲಿಲ್ಲವೇ, ಪವರ್‌ಲೂಮ್ ಬಂದಾಗ ಕೈಮಗ್ಗ ಬಿಡಲಿಲ್ಲವೇ, ಇದೂ ಹಾಗೇ ಎಂದೆ. ಯಂತ್ರ ಮೀನನ್ನು ತೋರಿಸುತ್ತದೆಯೇ ಹೊರತು ಹಿಡಿದುಕೊಡುವುದಿಲ್ಲ, ಕಚ್ಚುವುದು ಬಿಡುವುದು ಈಗಲೂ ಮೀನಿನ ಇಷ್ಟ ಎಂದೆ. ಅವರು ನನ್ನ ಬಾಯಿಯನ್ನೇ ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

"ಇಷ್ಟ ಅನ್ನಬೇಕಂದ್ರೆ ಹೋಗಾಕೆ ಇನ್ನೊಂದು ಜಾಗ ಇರಬೇಕಲ್ಲ ತಮ್ಮಾ" ಅಂದರು.

ಹಾಗೆಂದು ಹುಟ್ಟನ್ನು ನನ್ನ ತೊಡೆಯ ಮೇಲಿಟ್ಟು, ಹರಿಗೋಲಿನ ಅಂಚಿಗೆ ಒರಗಿ ಕೂತರು. ನಾನೇ ತೊಡರುತ್ತಾ ಹುಟ್ಟು ಹಾಕಿ ಗುಂಡಿಯ ಮೇಲೆ ತಂದು ನಿಲ್ಲಿಸಿದೆ. ಪರದೆಯ ಆಳವೆಲ್ಲ ಕಪ್ಪಗಿತ್ತು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಕಾಟ್ಲಾ ಹಿಡಿದೆ. ಮಿಲ್ಲಿನವರ ಎರಡು ಹರಿಗೋಲು ಬಂದು ಸೇರಿಕೊಂಡವು, ಅವರಿಗೂ ಸಿಕ್ಕವು. ಮಾಮಾ ಗಾಳ ಬಿಚ್ಚಲೇ ಇಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಒಂದು ಮೀನನ್ನಾದರೂ ಮನೆಗೆ ಒಯ್ಯಿರಿ ಎಂದೆ. ತಾವಿರುವ ಮಗಳ ಮನೆಯಲ್ಲಿ ಇವತ್ತು ಸೊಪ್ಪಿನ ಸಾರು ಮಾಡಿದ್ದಾರೆ ಎಂದರು. ಬರುವ ವಾರ ಮಗ್ಗಕ್ಕೆ ಹೊಸ ಹಾಸುನೂಲು ಏರಿಸುವ ಕೆಲಸ ಇದೆ, ಬರಲಾಗುವುದಿಲ್ಲ ಎಂದೂ ಹೇಳಿದರು.

ಅದರ ಮುಂದಿನ ವಾರವೂ ಅವರು ಬರಲಿಲ್ಲ. ಟೀ ಅಂಗಡಿಯ ಮುಂದೆ ಎರಡು ಬಸ್ಸು ಬಿಟ್ಟು ಕಾದು, ಮೂರನೆಯದಕ್ಕೆ ಒಬ್ಬನೇ ಹೋದೆ. ಹೀಗೆ ಒಂದು ತಿಂಗಳಾಯಿತು. ಮಿಲ್ಲಿನವರು ಅಷ್ಟರಲ್ಲಿ ಗುಂಡಿಯ ಜಾಗ ಗುರುತಿಟ್ಟುಕೊಂಡಿದ್ದರು. ನಾನು ಹೋಗುವ ಮೊದಲೇ ಅಲ್ಲಿರುತ್ತಿದ್ದರು. ಹಿಡಿದ ಮೀನನ್ನು ಅಕ್ಕಪಕ್ಕದ ಕೋಣೆಯವರಿಗೆ ಹಂಚುತ್ತಿದ್ದೆ. ಮೊದಲು ಪಾತ್ರೆ ಹಿಡಿದು ಬರುತ್ತಿದ್ದವರು ಆಮೇಲೆ, "ಮತ್ತೆ ಮೀನಾ ಸಾರ್?" ಎಂದು ತಮಿಳಿನಲ್ಲಿ ಕೇಳಿ ಬಾಗಿಲು ಅರ್ಧ ಮುಚ್ಚತೊಡಗಿದರು. ನಾಲ್ಕನೆಯ ವಾರ ಪರದೆಯ ಮೇಲೆ ಗುಂಡಿಯ ಗೆರೆ ಕುಸಿದು ಎದ್ದಿತು, ನಡುವೆ ಏನೂ ಇರಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಕಪ್ಪು ಚುಕ್ಕೆಯೊಂದೂ ಬರಲಿಲ್ಲ. ಒಂದು ತಿಂಗಳಿಂದ ಒಂದು ಕನ್ನಡ ಮಾತೂ ಆಡಿಲ್ಲ ಎಂಬುದು ನೆನಪಾದದ್ದು ಆವಾಗಲೇ. ಬಾಯಿ ತೆರೆದು ಏನಾದರೂ ಹೇಳಿ ನೋಡೋಣ ಅನ್ನಿಸಿತು. ಯಂತ್ರ ಆರಿಸಿ ಹುಟ್ಟು ಕೈಗೆತ್ತಿಕೊಂಡೆ.

ಮರುವಾರ ಕರುಮತ್ತಂಪಟ್ಟಿಗೆ ಹೋದೆ. ಮಾಮಾ ಅಳಿಯನ ಲೂಮ್ ಶೆಡ್ಡಿನ ಮೂಲೆಯಲ್ಲಿ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಎಂಟು ಮಗ್ಗಗಳ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಅವರು ನನ್ನ ತುಟಿ ನೋಡಿ, ಹೊರಗೆ ಹೋಗೋಣ ಎಂದು ಸನ್ನೆ ಮಾಡಿದರು. ಟೀ ಅಂಗಡಿಯ ಬೆಂಚಿನ ಮೇಲೆ ಅವರ ಎಡಕ್ಕೆ ಕೂತು ಮುಖ ತಿರುಗಿಸಿದೆ.

"ಕೋಪವಾ ಮಾಮಾ?"

"ಇಲ್ಲಪ್ಪಾ. ನಿನ್ ಮೇಲೆ ಎಂಥಾ ಕೋಪ."

"ಗುಂಡಿ ಬರಿದಾಯಿತು."

"ಗೊತ್ತು. ಆಗ್ತದೆ."

ಟೀ ಕುಡಿದು ಮುಗಿಸಿ ಅವರು ಗ್ಲಾಸು ಬೆಂಚಿನ ಮೇಲಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. "ವಾರ ಪೂರಾ ಇಲ್ಲಿ ಎಲ್ಲಾ ಗೊತ್ತಿರ್ತದೆ ನಂಗೆ. ಇಷ್ಟು ನೂಲು, ಇಷ್ಟು ಗಜ. ಒಂದ್ ದಿನ ಗೊತ್ತಿಲ್ಲದ ಕಡೆ ಹೋಗಿ ಕೂರ್ತಿದ್ದೆ. ಕೆಳಗೆ ಮೀನು ಇದೆಯೋ ಇಲ್ಲವೋ, ಬೆರಳಿಗೆ ಬಂದ ಮೇಲೆ ತಾನೆ ಗೊತ್ತಾಗೋದು. ಆ ಪೆಟ್ಟಿಗೆ ಹಚ್ಚಿದ ಮೇಲೆ ಮೊದಲೇ ಗೊತ್ತಾಗಿಬಿಡ್ತು. ಅಪ್ಪೊ ನಾನ್ ಅಲ್ಲಿ ಕೂತು ಏನ್ ಮಾಡಲಿ?"

"ನಾನು ಅದನ್ನ ಬಿಟ್ಟೇ ಬರ್ತೀನಿ. ನೀವು ಬನ್ನಿ."

ಅವರು ನಕ್ಕರು. "ನಂಗಾಗಿ ಬಿಡಬೇಡ. ನನ್ ತೋಳೂ ಸೋತಿದೆ. ಇನ್ ಪರಿಸಲ್ ನೂಕೋದು ಆಗಲ್ಲ" ಎಂದು ನನ್ನ ಭುಜ ತಟ್ಟಿ ಶೆಡ್ಡಿಗೆ ಹೋದರು. ತೋಳಿನ ಮಾತು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮಳೆಗಾಲ ಬಂದು ನೀರು ತುಂಬಿದ ಮೇಲೆ ಯಂತ್ರವನ್ನು ಕೋಣೆಯಲ್ಲೇ ಬಿಟ್ಟು ಹೋದೆ. ಮಿಲ್ಲಿನವರು ಇರಲಿಲ್ಲ. ಮಳೆಗಾಲದ ಗಾಳಿಗೆ, ಹುಟ್ಟು ಹಾಕಿದರೂ ಹರಿಗೋಲು ನಿಂತಲ್ಲೇ ಸುತ್ತಿತು. ಹೇಗೋ ನಡುನೀರಿಗೆ ಬಂದೆ. ಮಾಮಾ ನಿಲ್ಲಿಸುತ್ತಿದ್ದ ಜಾಗ ಎಲ್ಲಿ ಎಂದು ಬೆಟ್ಟಗಳನ್ನು ನೋಡಿದೆ. ಅವರು ಯಾವ ಕೋಡನ್ನು ಯಾವುದಕ್ಕೆ ಸೇರಿಸಿ ನೋಡುತ್ತಿದ್ದರೋ ನಾನು ಒಂದು ಸಲವೂ ಗಮನಿಸಿರಲಿಲ್ಲ. ಎಂಟು ವರ್ಷ ಅವರನ್ನು ನಂಬಿ ಕೂತಿದ್ದೆ, ಆಮೇಲೆ ಪರದೆಯನ್ನು ನಂಬಿ ಕೂತಿದ್ದೆ. ಸುತ್ತಲೂ ಒಂದೇ ತರಹದ ನೀರು. ಹರಿಗೋಲಿನವನು ದಡದಿಂದ ಏನೋ ಕೂಗುತ್ತಿದ್ದ, ಗಾಳಿಗೆ ಕೇಳಿಸಲಿಲ್ಲ. ಸಿಕ್ಕಿದಲ್ಲಿ ಲಂಗರು ಬಿಟ್ಟು ಸಂಜೆಯವರೆಗೆ ಕೂತಿದ್ದೆ. ಒಂದು ಸಣ್ಣ ಜಿಲೇಬಿ ಮೀನು ಸಿಕ್ಕಿತು, ತಿರುಗಿ ನೀರಿಗೆ ಬಿಟ್ಟೆ.

ಬಯ್ಯರ್ ಮತ್ತೆ ಬಂದಾಗ ಯಂತ್ರವನ್ನು ಒರೆಸಿ, ವಯರು ಸುತ್ತಿ, ಅದೇ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಹಿಂತಿರುಗಿಸಿದೆ.

"ಮೀನು ತೋರಿಸಲಿಲ್ಲವೇ?" ಎಂದು ಕೇಳಿದರು.

"ತೋರಿಸಿತು. ಎಲ್ಲವನ್ನೂ ತೋರಿಸಿತು."

"ಹಾಗಾದರೆ ಅತಿಯಾಯಿತೇ?"

ಇಂಥ ಕಾಲದಲ್ಲಿ ಇಂಥ ಕಡೆ ಹಿಡಿಯಬಾರದು, ಇಷ್ಟಕ್ಕಿಂತ ಹೆಚ್ಚು ಹಿಡಿಯಬಾರದು ಎಂಬ ಅಂಕೆ ಒಬ್ಬ ಮನುಷ್ಯನೊಳಗೇ ಇತ್ತು, ಯಂತ್ರ ಬಂದ ಮೇಲೆ ಆ ಮನುಷ್ಯನ ಅಗತ್ಯ ನನಗೆ ಕಾಣಲಿಲ್ಲ ಎಂದು ಹೇಳಬೇಕೆಂದಿದ್ದೆ. ನನ್ನ ಇಂಗ್ಲಿಷು ಬನಿಯನ್ನಿನ ಅಳತೆಗಳಿಗೆ ಸಾಕಾಗುತ್ತಿತ್ತು, ಇದಕ್ಕೆ ಸಾಲಲಿಲ್ಲ. ಹೌದು, ನನಗೆ ಅತಿಯಾಯಿತು ಎಂದಷ್ಟೇ ಹೇಳಿದೆ. ಅವರು ಪೆಟ್ಟಿಗೆಯನ್ನು ಚೀಲಕ್ಕೆ ಸೇರಿಸುತ್ತಾ, ತಮ್ಮ ಜೊತೆ ಸರೋವರಕ್ಕೆ ಬರುತ್ತಿದ್ದ ಗೆಳೆಯರೂ ಈಗ ಬರುತ್ತಿಲ್ಲ ಎಂದರು. ಆಮೇಲೆ ನಾವು ಬಣ್ಣದ ಸ್ಯಾಂಪಲ್ಲುಗಳ ಮಾತಿಗೆ ಹೊರಳಿದೆವು.

ಅಣೆಕಟ್ಟಿಗೆ ಹೋಗುವುದನ್ನು ಆ ವರ್ಷವೇ ನಿಲ್ಲಿಸಿದೆ. ಬದಲಿಗೆ ತಿಂಗಳಿಗೊಂದು ಭಾನುವಾರ ಕರುಮತ್ತಂಪಟ್ಟಿಗೆ ಹೋಗುತ್ತಿದ್ದೆ. ಮಾಮಾ ಕಂಡಿಕೆ ಬದಿಗಿಟ್ಟು ಟೀ ಅಂಗಡಿಗೆ ಬರುತ್ತಿದ್ದರು. ನೂಲಿನ ವಿಷಯ, ಮಗಳ ಮನೆಯ ವಿಷಯ, ನನಗೆ ಯಾವಾಗ ಮದುವೆ ಎಂಬ ವಿಷಯ. ಅವರ ಎಡಗಿವಿಯೂ ದಿನದಿನಕ್ಕೆ ಮುಚ್ಚುತ್ತಿತ್ತು. ಕೊನೆಕೊನೆಗೆ ನಾನು ಹೇಳಿದ್ದಕ್ಕೆಲ್ಲ ಸುಮ್ಮನೆ ತಲೆಯಾಡಿಸುತ್ತಿದ್ದರು. ಮೀನಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.