ಸಿಂಹಾಸನ ಎಂದವನು ನಾನೇ

ನನ್ನ ಮಗಳ ಮಗಳು ಪಾಸ್ಟರ್ ಆದಳು. ಇದನ್ನು ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಸೋಡಾ ಮಾರುವವನಿಗೂ ಹೇಳಿದ್ದೇನೆ, ಹುಣಸೆಹಣ್ಣಿನ ಮಂಡಿಯಲ್ಲಿ ತೂಕ ಹಾಕುವವನಿಗೂ ಹೇಳಿದ್ದೇನೆ, ಕೇಳದವರನ್ನು ನಿಲ್ಲಿಸಿಕೊಂಡೂ ಹೇಳಿದ್ದೇನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಬರೆಯಲು ಕೂತಿರುವುದೂ ಆ ಸಂತೋಷ ತಡೆಯಲಾರದೆ. ಆದರೆ ಬರೆಯಲು ಹೊರಟರೆ ಇನ್ನೊಂದು ವಿಷಯ ಅಡ್ಡ ಬಂದು ನಿಲ್ಲುತ್ತದೆ. ಅದನ್ನು ಮುಚ್ಚಿಟ್ಟು ಬರೀ ಸಂತೋಷ ಬರೆದರೆ ಅರ್ಧ ಸುಳ್ಳಾಗುತ್ತದೆ.

ನಮ್ಮ ಮನೆ ಆಂಧ್ರದ ಗಡಿಯಲ್ಲಿ, ಹಿಂದೂಪುರದ ಹತ್ತಿರ ಪರಿಗಿ ಕಡೆಯ ಒಂದು ಹಳ್ಳಿಯಲ್ಲಿ. ಅಪ್ಪನದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟಕ್ಕೆ ಕೂತು ನೇಯಬೇಕು. ಅಲ್ಲಿ ಕೂತವನಿಗೆ ಮನೆಗೆ ಬಂದವರ ಮುಖ ಕಾಣುವುದಕ್ಕೆ ಮೊದಲು ಕಾಲು ಕಾಣುತ್ತದೆ. ನನಗೆ ಹತ್ತು ವರ್ಷವಾಗಿದ್ದಾಗ, ಬಟ್ಟೆ ನೋಡಲು ಬಂದ ಸಾಹುಕಾರ ಅಂಚು ಸರಿಯಿಲ್ಲ ಎಂದು ಚಪ್ಪಲಿ ಕಾಲಿನ ತುದಿಯಿಂದ ತೋರಿಸಿದ. ಆ ಚಪ್ಪಲಿ ನನ್ನ ಮೂಗಿಗೆ ಗೇಣು ದೂರದಲ್ಲಿತ್ತು. ಅವತ್ತಿನಿಂದ ನನಗೆ ಗುಂಡಿ ಎಂದರೆ ಮೈ ಹಿಡಿಯಾಗುತ್ತಿತ್ತು. ಆದರೂ ಮೂವತ್ತು ವರ್ಷ ಅದರಲ್ಲೇ ಕೂತೆ.

ಭಾನುವಾರ ಮಾತ್ರ ನಾನು ಎತ್ತರದಲ್ಲಿ ನಿಲ್ಲುತ್ತಿದ್ದೆ. ನಮ್ಮ ಸಭೆಗೆ ಕೋಸ್ತಾ ಕಡೆಯಿಂದ, ಅಂದರೆ ಆಂಧ್ರದ ಕರಾವಳಿಯಿಂದ, ಒಬ್ಬರು ಅಯ್ಯಗಾರು ಬಂದಿದ್ದರು. ನಾವು ಪಾಸ್ಟರನ್ನು ಹಾಗೇ ಕರೆಯುವುದು. ಅವರ ಪ್ರಸಂಗ ತೆಲುಗಿನಲ್ಲಿ. ನಮ್ಮೂರವರಿಗೆಲ್ಲ ತೆಲುಗು ಬರುತ್ತದೆ, ಆದರೆ ಮಧುಗಿರಿ ಕಡೆಯಿಂದ ಬರುವ ನೆಂಟರಿಗೆ ಬರುವುದಿಲ್ಲ. ಅವರಿಗಾಗಿ ಅಯ್ಯಗಾರ ಪಕ್ಕದಲ್ಲಿ ನಿಂತು ಒಂದೊಂದು ಮಾತನ್ನೂ ಕನ್ನಡಕ್ಕೆ ತರ್ಜುಮೆ ಮಾಡುವವನು ನಾನು. ಕನ್ನಡ ಬೈಬಲ್ಲನ್ನು ಸರಾಗವಾಗಿ ಓದುವವನು ಊರಿಗೆಲ್ಲ ನಾನೊಬ್ಬನೇ ಎಂಬ ಗರ್ವವೂ ಇತ್ತು.

ಆ ಅಯ್ಯಗಾರು ವಾರದ ದಿನಗಳಲ್ಲಿ ನಮ್ಮ ಬೀದಿ ಸುತ್ತುತ್ತಿದ್ದರು. ಇದಕ್ಕೇನು ಅನ್ನುತ್ತೀರಿ, ಅದಕ್ಕೇನು ಅನ್ನುತ್ತೀರಿ ಎಂದು ಕೇಳಿ ಲಾಳಿ, ಹಾಸು, ಹೊಕ್ಕು ಎಂದು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಕೆಲಸವಿಲ್ಲದ ಮನುಷ್ಯ ಎಂದುಕೊಂಡಿದ್ದೆ. ಅಯ್ಯಗಾರ ಕೆಲಸ ಎಂದರೆ ಪುಸ್ತಕದಲ್ಲಿರುವುದನ್ನು ಹೇಳಿ ಆಶೀರ್ವಾದ ಕೊಡುವುದು, ಅಷ್ಟೇ ಎಂದು ನನ್ನ ತಿಳುವಳಿಕೆ. ಆ ಪುಸ್ತಕದ ಮಾತು ನಮ್ಮ ಮನೆಯೊಳಗೆ ಎಲ್ಲಿ ಕೂತಿದೆ ಎಂದು ಅವರು ಹುಡುಕುತ್ತಿದ್ದರು ಅನ್ನುವುದು ಹೊಳೆಯಲಿಲ್ಲ.

ಒಂದು ಭಾನುವಾರ ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ಭಾಗ ಬಂತು. ಮುಂದಿನ ಸಾಲಿನಲ್ಲಿ ನನ್ನ ಅಕ್ಕನ ಗಂಡ ಕೂತಿದ್ದರು. ಮಧುಗಿರಿ ಕಡೆಯವರು, ಅವರೂ ಗುಂಡಿ ಮಗ್ಗದವರೇ, ಒಂದಕ್ಷರ ತೆಲುಗು ಬಾರದು. ಅಯ್ಯಗಾರು "ದೇವುಡು ಮಗ್ಗಂ ಗುಂಟಲೋ ಕೂರ್ಚುನ್ನಾಡು" ಎಂದರು. ದೇವರು ಮಗ್ಗದ ಗುಂಡಿಯಲ್ಲಿ ಕೂತಿದ್ದಾನೆ. ಬಂದವರ ಕಾಲು ಅವನಿಗೆ ಮೊದಲು ಕಾಣುತ್ತದೆ, ಅದಕ್ಕೇ ತೊಳೆಯಲು ಕೈ ಹಾಕುತ್ತಾನೆ ಎಂದರು.

ನನ್ನ ಕಿವಿ ಬಿಸಿಯಾಯಿತು. ಗುಂಡಿಯ ಅಂಚು ಉಜ್ಜಿ ನನ್ನ ಮೊಣಕಾಲಿಗೆ ಬಿದ್ದ ಕರೆಯನ್ನೇ ಎಲ್ಲರೂ ನೋಡುತ್ತಿದ್ದಾರೆ ಅನ್ನಿಸಿತು. ದೇವರನ್ನು ಆ ಹಾಳು ಗುಂಡಿಗೆ ಇಳಿಸುವುದೇ? ಬಾಯಿ ತೆರೆದೆ. "ದೇವರು ಎತ್ತರವಾದ ಸಿಂಹಾಸನದ ಮೇಲೆ ಕೂತಿದ್ದಾನೆ" ಎಂದೆ. ಕಾಲಿನ ಮಾತನ್ನು ನುಂಗಿಬಿಟ್ಟೆ.

ಅಯ್ಯಗಾರು ಒಂದು ಸಲ ನನ್ನ ಕಡೆ ತಿರುಗಿ, ಮುಂದಕ್ಕೆ ಹೋದರು. ಸಿಂಹಾಸನ ಎಂದರೆ ತೆಲುಗಿನಲ್ಲೂ ಸಿಂಹಾಸನವೇ. ಅವರಿಗೆ ತಿಳಿಯದೇ ಇರಲು ಸಾಧ್ಯವಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಅವರು ನಮ್ಮ ಮನೆಗೆ ಬಂದರು. ಚಪ್ಪಲಿ ಬಿಟ್ಟು, ಗುಂಡಿಯ ಅಂಚಿನಲ್ಲಿ ಕೂತು, ಬಿಳಿ ಪಂಚೆ ಎತ್ತಿಕೊಂಡು ಕಾಲು ಇಳಿಬಿಟ್ಟರು. ಲಾಳಿ ಎಸೆಯುವುದನ್ನು ಹೇಳಿಕೊಡು ಎಂದು ಕೇಳಿದರು. ನಾನು ಅಯ್ಯಯ್ಯೋ ಎಂದು ಪಕ್ಕದ ಮನೆಗೆ ಓಡಿ ಒಂದು ಕುರ್ಚಿ ತಂದು ಒರೆಸಿ ಹಾಕಿದೆ. ಅವರು ಕುರ್ಚಿ ನೋಡಿದರು, ನನ್ನನ್ನು ನೋಡಿದರು, ಎದ್ದು ಅದರ ಮೇಲೆ ಕೂತರು. ಕಾಫಿ ಕುಡಿದು ಹೋದರು. ಅದೇ ವರ್ಷ ಅವರಿಗೆ ವರ್ಗವಾಯಿತು. ಆಮೇಲೆ ತೀರಿಕೊಂಡರೆಂದು ಕೇಳಿದೆ. ಆ ಕುರ್ಚಿ ಇವತ್ತಿಗೂ ನನ್ನ ಎದೆಯ ಮೇಲೆ ಕೂತಿದೆ.

ಈಗ ಮೊಮ್ಮಗಳ ವಿಷಯ. ದೈವಶಾಸ್ತ್ರ ಓದಿದಳು, ಕಲ್ಯಾಣದುರ್ಗಕ್ಕೆ ಹಾಕಿದರು. ಅಲ್ಲಿಯ ಸಭೆಯಲ್ಲೂ ಗಡಿಯಾಚೆಯ ಕನ್ನಡದವರು ನಾಲ್ಕಾರು ಮನೆಯವರಿದ್ದಾರೆ. ಮೊದಲ ಪ್ರಸಂಗಕ್ಕೆ ನೀನೇ ತರ್ಜುಮೆ ಮಾಡಬೇಕು ಎಂದು ಫೋನು ಮಾಡಿದಳು. ಇಸ್ತ್ರಿ ಅಂಗಿ ಹಾಕಿಕೊಂಡು ಮುಂಚಿನ ದಿನವೇ ಹೊರಟೆ. ಬಸ್ಸಿನಲ್ಲಿ ಪಕ್ಕ ಕೂತ ರೈತನಿಗೆ ಅವಳ ಫೋಟೋ ಮೂರು ಸಲ ತೋರಿಸಿದೆ. ಅವನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡ.

ಬಿಳಿ ನಿಲುವಂಗಿಯಲ್ಲಿ ಅವಳು ನಿಂತಾಗ ನನಗೆ ಅವಳ ಮುಖವೇ ಸರಿಯಾಗಿ ಕಾಣಲಿಲ್ಲ, ಕಣ್ಣು ಅಷ್ಟು ತುಂಬಿತ್ತು. ಅವಳು ಓದಿದ್ದು ಅದೇ ಕಾಲು ತೊಳೆದ ಭಾಗ. ಸ್ವಲ್ಪ ಹೊತ್ತಿಗೆ ಅವಳ ಬಾಯಲ್ಲಿ ಅದೇ ಮಾತು ಬಂತು, ಅಯ್ಯಗಾರು ಹೇಳಿದಂತೆಯೇ: ದೇವುಡು ಮಗ್ಗಂ ಗುಂಟಲೋ ಕೂರ್ಚುನ್ನಾಡು.

ಜನ ನನ್ನ ಬಾಯಿ ನೋಡುತ್ತಿದ್ದರು. ಅವಳು ಕಾದಳು. ಆ ಸಾಹುಕಾರನ ಚಪ್ಪಲಿ, ಆ ಕುರ್ಚಿ, ಎರಡೂ ಕಣ್ಣ ಮುಂದೆ ಬಂದವು. ಕೊನೆಗೆ ಹೇಳಿದೆ: "ದೇವರು ಮಗ್ಗದ ಗುಂಡಿಯಲ್ಲಿ ಕೂತಿದ್ದಾನೆ." ಯಾರೂ ನಗಲಿಲ್ಲ, ಯಾರೂ ಮುಖ ಕಿವಿಚಲಿಲ್ಲ. ಒಬ್ಬ ಮುದುಕಿ ಹೌದು ಹೌದು ಎಂದು ತಲೆಯಾಡಿಸಿದಳು. ಇಷ್ಟಕ್ಕಾ ನಾನು ಅವತ್ತು ಹೆದರಿದ್ದು ಎಂದು ಇನ್ನೂ ನಾಚಿಕೆಯಾಯಿತು.

ಊಟಕ್ಕೆ ಕೂತಾಗ ಅವಳಿಗೆ ಎಲ್ಲ ಹೇಳಿಬಿಟ್ಟೆ. ಅವಳು ನನ್ನ ತಟ್ಟೆಗೆ ಸಾರು ಬಿಡುತ್ತಾ, "ಗೊತ್ತು ತಾತ" ಎಂದಳು. ನಮ್ಮ ಸಭೆಯ ಭಾನುವಾರದ ಕ್ಲಾಸಿನಲ್ಲಿ ಮಕ್ಕಳಿಗೆ ಕಥೆ ಹೇಳುತ್ತಿದ್ದ ಟೀಚರಮ್ಮ ಅವಳಿಗೆ ಚಿಕ್ಕಂದಿನಲ್ಲೇ ಹೇಳಿದ್ದರಂತೆ, ಅಯ್ಯಗಾರು ಹೇಳಿದ್ದು ಇದು, ನಿಮ್ಮ ತಾತ ಬಿಟ್ಟಿದ್ದು ಎಂದು.

"ಮತ್ತೆ ನನ್ನೇ ಯಾಕೆ ಕರೆಸ್ದೆ?"

"ನಿನ್ನ ಬಾಯಲ್ಲೇ ಕೇಳ್ಬೇಕು ಅನ್ನಿಸ್ತು ಕಣ್ ತಾತ. ಬೈಯ್ತೀಯಾ?"

ಬೈಯುವ ಮುಖ ನನಗೆಲ್ಲಿತ್ತು. ಮೂವತ್ತು ವರ್ಷ ಇಡೀ ಬೀದಿಗೆ ಗೊತ್ತಿದ್ದ ವಿಷಯವನ್ನು ನಾನೊಬ್ಬ ಗುಟ್ಟು ಎಂದು ಹೊತ್ತುಕೊಂಡು ತಿರುಗಿದ್ದೆ. ಗೊತ್ತಿಲ್ಲದವರು ತೆಲುಗು ಬಾರದ ನೆಂಟರು ಮಾತ್ರ. ಅವರನ್ನೇ ನಾನು ಬರಿಗೈಲಿ ಕಳಿಸಿದ್ದು.

ಹಿಂದೂಪುರಕ್ಕೆ ವಾಪಸ್ಸು ಬಂದವನು ಮಾರನೆಯ ದಿನ ಮಧುಗಿರಿ ಬಸ್ಸು ಹತ್ತಿದೆ. ಭಾವನಿಗೆ ಈಗ ಮಂಡಿ ಮಡಚಲಾಗುವುದಿಲ್ಲ, ಮಂಚದ ಮೇಲೇ ಇರುತ್ತಾರೆ. ನಿಂತುಕೊಂಡೇ ಹೇಳಿದೆ, ಅವತ್ತು ಅಯ್ಯಗಾರು ಹೇಳಿದ್ದೇನು, ನಾನು ಹೇಳಿದ್ದೇನು ಎಂದು. ಅವರ ಕೈಯಲ್ಲಿದ್ದ ಬೀಡಿ ಆರಿಹೋಯಿತು.

"ಈಗ ಬಂದು ಹೇಳ್ತೀಯಲ್ಲಯ್ಯಾ," ಎಂದರು. "ಗುಂಡೀಲಿ ಕೂತಿದ್ದಾಗ ಬೇಕಾಗಿತ್ತು ಕಣಯ್ಯಾ ಆ ಮಾತು ನಂಗೆ."

ತಲೆ ತಗ್ಗಿಸಿ ನೆಲದ ಮೇಲೆ, ಅವರ ಕಾಲ ಹತ್ತಿರ ಕೂತೆ. ಅಕ್ಕ ಒಳಗಿನಿಂದ ಕುರ್ಚಿ ತಂದಳು, ಬೇಡ ಎಂದೆ.

ಸ್ವಲ್ಪ ಹೊತ್ತಾದ ಮೇಲೆ ಭಾವನೇ ಕೇಳಿದರು, ಮೊಮ್ಮಗಳು ಇನ್ನೂ ಏನೇನು ಹೇಳಿದಳು, ಮೊದಲಿನಿಂದ ಹೇಳು ಎಂದು. ಹೇಳಿದೆ. ಒಂದು ಮಾತೂ ಬಿಡದೆ.